ರೇಸ್ ಟೀಮ್ ಲಾರಿ ಓಡಿಸುವ ಕೆಲಸ: ಚಿಕ್ಕಮಗಳೂರಿನವರಿಗೆ ದಾರಿ ಇದೆಯಾ?

ಮಲ್ಲಂದೂರು ರೋಡ್

ಎಲ್ಲರಿಗೂ ನಮಸ್ಕಾರ. ವಯಸ್ಸು 26, ಹೆವಿ ಲೈಸೆನ್ಸ್ ಇದೆ. ಮಳೆಗಾಲಕ್ಕೆ ಮುಂಚೆ ಎಸ್ಟೇಟ್‌ಗಳಿಗೆ ಗೊಬ್ಬರ ಹೊಡೆಯುತ್ತೇನೆ, ಕುಯ್ಲು ಶುರುವಾದರೆ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ಫ್ಯಾಕ್ಟರಿಗೆ ಕಾಫಿ ಮೂಟೆ. ಮಿಕ್ಕ ದಿನ ಸಿಕ್ಕಿದ ಬಾಡಿಗೆ.

ಏಷ್ಯಾ ಪೆಸಿಫಿಕ್ ರ್‍ಯಾಲಿ ನಮ್ಮೂರಿಗೆ ಬಂದಾಗ ನಾನಿನ್ನೂ ಸ್ಕೂಲ್ ಹುಡುಗ. ಗೌರವ್ ಗಿಲ್ ಅವರ ಕಾರು ತೋಟದ ರಸ್ತೆಯಲ್ಲಿ ಮಣ್ಣೆಬ್ಬಿಸಿಕೊಂಡು ಹೋಗಿದ್ದನ್ನು ಬೇಲಿ ಪಕ್ಕ ನಿಂತು ನೋಡಿದ್ದೇನೆ. ಆವತ್ತಿಂದ ಯಾವ ರ್‍ಯಾಲಿ ನಡೆದರೂ ಹೋಗುತ್ತೇನೆ. ಆದರೆ ನನ್ನ ಕಣ್ಣು ಟೀಮ್‌ಗಳ ಲಾರಿ ಮೇಲೆ. ಒಳಗೆ ಟೂಲ್ಸ್, ಟೈರ್, ಕಾರು ಎಲ್ಲ ಎಷ್ಟು ಚೆಂದ ಜೋಡಿಸಿರುತ್ತಾರೆ! ಆ ಕೆಲಸ ಮಾಡಬೇಕು ಅಂತ ತುಂಬಾ ಆಸೆ ಇದೆ.

ಈ ಕೆಲಸ ಹೇಗೆ ಸಿಗುತ್ತದೆ? ಡ್ರೈವಿಂಗ್ ಬಿಟ್ಟು ಬೇರೇನು ಕಲಿತಿರಬೇಕು? ಇನ್ನೊಂದು ವಿಷಯ. ಒಬ್ಬ ಏಜೆಂಟ್, ಯುರೋಪ್‌ನಲ್ಲಿ ಫಾರ್ಮುಲಾ ಒನ್ ಟೀಮ್‌ಗೆ ಲಾರಿ ಡ್ರೈವರ್ ಬೇಕು, 4 ಲಕ್ಷ ಕಟ್ಟಿದರೆ ಇಲ್ಲಿನ ಲೈಸೆನ್ಸ್ ಮೇಲೆಯೇ ಕಳಿಸುತ್ತೇನೆ ಅನ್ನುತ್ತಿದ್ದಾನೆ. ಅಮ್ಮ ಒಡವೆ ಅಡ ಇಡೋಣ ಅಂತಿದ್ದಾರೆ. ಗೊತ್ತಿರುವವರು ದಯವಿಟ್ಟು ಹೇಳಿ.

ಅರಕಲಗೂಡಿನವನು

ತಮ್ಮ, ಒಂದು ರೂಪಾಯಿನೂ ಕೊಡಬೇಡ. ಒಡವೆ ಬೀರುವಿನಲ್ಲೇ ಇರಲಿ. ನಾನು ಇಂಗ್ಲೆಂಡಿನಲ್ಲಿ ಒಂದು ಸಾಗಣೆ ಡಿಪೋದಲ್ಲಿ ಕೆಲಸ ಮಾಡುತ್ತೇನೆ. ಶಿಫ್ಟ್ ಮುಗಿದ ಮೇಲೆ ವಿವರವಾಗಿ ಬರೆಯುತ್ತೇನೆ.

ಘಾಟಿ ಸಕಲೇಶಪುರ

ನಾನು ಮೊದಲು ಮಂಗಳೂರು ಲೈನಿನಲ್ಲಿ ಕಂಟೇನರ್ ಓಡಿಸುತ್ತಿದ್ದೆ, ಆಮೇಲೆ ರ್‍ಯಾಲಿ ಟೀಮ್‌ಗಳ ಲಾರಿ. ಗೊತ್ತಿರುವುದನ್ನು ಹೇಳುತ್ತೇನೆ.

ಈ ಕೆಲಸದಲ್ಲಿ ಸ್ಟೀರಿಂಗ್ ಹಿಡಿಯುವುದು ಅರ್ಧ ಭಾಗ ಅಷ್ಟೇ. ಸರ್ವಿಸ್ ಪಾರ್ಕ್‌ಗೆ, ಅಂದರೆ ಕಾರುಗಳನ್ನು ರಿಪೇರಿ ಮಾಡುವ ಜಾಗಕ್ಕೆ, ಎಲ್ಲರಿಗಿಂತ ಮೊದಲು ತಲುಪುವವನು ಲಾರಿ ಡ್ರೈವರ್, ಎಲ್ಲರೂ ಹೋದ ಮೇಲೆ ಜಾಗ ಬಿಡುವವನೂ ಅವನೇ. ಲಾರಿ ನಿಲ್ಲಿಸಿ ಕೀ ತೆಗೆದು ಮಲಗಿದರೆ ಆಗಲ್ಲ. ಟೆಂಟ್ ಎತ್ತಬೇಕು, ಕಾರಿನಡಿಗೆ ಟಾರ್ಪಾಲ್ ಹಾಸಬೇಕು, ಜನರೇಟರ್, ಕಂಪ್ರೆಸರ್, ಜಾಕ್, ಟೈರ್, ಬೆಂಕಿ ಆರಿಸುವ ಸಿಲಿಂಡರ್ ಎಲ್ಲ ಅದರದರ ಜಾಗಕ್ಕೆ ಬರಬೇಕು. ಕಾರು ಸರ್ವಿಸ್‌ಗೆ ಬಂದರೆ ಮೆಕ್ಯಾನಿಕ್‌ಗಳಿಗೆ ಸಿಗುವುದು 20 ಅಥವಾ 30 ನಿಮಿಷ. ಟೈಮ್ ಕಂಟ್ರೋಲ್‌ಗೆ, ಅಂದರೆ ಹೇಳಿದ ಟೈಮಿಗೆ ಕಾರು ಹಾಜರಾಗಬೇಕಾದ ಚೆಕ್‌ಪಾಯಿಂಟ್‌ಗೆ, ಒಂದು ನಿಮಿಷ ತಡವಾದರೆ ಅಂತರರಾಷ್ಟ್ರೀಯ ನಿಯಮದಲ್ಲಿ 10 ಸೆಕೆಂಡ್ ದಂಡ. ಸ್ಟೇಜ್‌ನಲ್ಲಿ, ಅಂದರೆ ರೇಸ್ ನಡೆಯುವ ರಸ್ತೆಯಲ್ಲಿ, ಆ 10 ಸೆಕೆಂಡ್ ಉಳಿಸಲು ಕಾರಿನ ಡ್ರೈವರ್ ಪ್ರಾಣ ಒತ್ತೆ ಇಟ್ಟಿರುತ್ತಾನೆ. ಸ್ಪ್ಯಾನರ್ ಎಲ್ಲಿದೆ ಅಂತ ಲಾರಿಯೊಳಗೆ ಹುಡುಕುತ್ತಾ ಕೂತರೆ ಅವನ ಕಷ್ಟ ಎಲ್ಲ ನೀರಲ್ಲಿ ಹೋಮ.

ಅದಕ್ಕೆ ಲೋಡ್ ಮಾಡುವ ಕ್ರಮವೇ ಮೊದಲ ಪಾಠ. ಮೊದಲು ಬೇಕಾಗುವ ಸಾಮಾನು ಕೊನೆಗೆ ಹತ್ತಬೇಕು. ಭಾರದ್ದು ಕೆಳಗೆ, ಎರಡೂ ಪಕ್ಕಕ್ಕೆ ಸಮವಾಗಿ. ಗೇರ್‌ಬಾಕ್ಸ್, ಸ್ಪೇರ್ ಎಂಜಿನ್ ಒಂದೇ ಪಕ್ಕಕ್ಕೆ ಇಟ್ಟರೆ ಶಿರಾಡಿ ತಿರುವಿನಲ್ಲಿ ಲಾರಿ ನಿಮ್ಮ ಮಾತು ಕೇಳಲ್ಲ.

ನಮ್ಮ ಕಡೆ ರ್‍ಯಾಲಿ ಅಂದರೆ ಇನ್ನೊಂದು ತಲೆನೋವು. ಸರ್ವಿಸ್ ಪಾರ್ಕ್ ಎಷ್ಟೋ ಸಲ ಹುಲ್ಲು ಮೈದಾನದಲ್ಲಿ ಇರುತ್ತದೆ. ಹಿಂದಿನ ರಾತ್ರಿ ಮಳೆ ಬಂದಿದ್ದರೆ ಹಿಂದಿನ ಚಕ್ರ ಆಕ್ಸಲ್‌ವರೆಗೆ ಹೂತುಕೊಳ್ಳುತ್ತದೆ. ಮೊದಲು ಇಳಿದು ನಡೆದು ನೋಡಬೇಕು, ಹಿಮ್ಮಡಿ ಒತ್ತಿ ನೋಡಬೇಕು. ಹಲಗೆ ಎರಡು ಲಾರಿಯಲ್ಲಿ ಯಾವಾಗಲೂ ಇರಬೇಕು. ತೋಟದ ಅಡ್ಡರಸ್ತೆಗೆ ಹೋಗಬೇಕಾಗಿ ಬಂದರೆ ಸಿಲ್ವರ್ ಓಕ್ ಕೊಂಬೆ, ಕೆಳಗೆ ಜೋತುಬಿದ್ದ ಕರೆಂಟ್ ವೈರ್ ನೋಡಿಕೊಂಡೇ ಹೋಗಬೇಕು. ನಿಮ್ಮ ಕಂಟೇನರ್ ಎತ್ತರ ನಿಮಗೆ ಬಾಯಿಪಾಠ ಆಗಿರಬೇಕು.

ನೀನು ಎಸ್ಟೇಟ್ ರಸ್ತೆಯಲ್ಲಿ ಗೊಬ್ಬರ ಹೊಡೆದವನು. ಇದರಲ್ಲಿ ಅರ್ಧ ನಿನಗೆ ಆಗಲೇ ಬರುತ್ತದೆ. ಬೆಂಗಳೂರಿನಿಂದ ಬರುವ ಎಷ್ಟೋ ಡ್ರೈವರ್‌ಗಳಿಗೆ ಬರುವುದಿಲ್ಲ.

ಫಾಸ್ಟ್ ಹಾಸನ

ರೇಸ್ ಟೀಮ್ ಅಂದ ಮೇಲೆ ಸ್ಪೀಡ್ ಆಗಿ ಓಡಿಸುವವರನ್ನೇ ತಗೋತಾರೆ ಅಂತ ಕೇಳಿದ್ದೆ. ಟೈಮಿಗೆ ತಲುಪಿಸಬೇಕಲ್ವಾ?

ಘಾಟಿ ಸಕಲೇಶಪುರ

ಹಾಗೇನಿಲ್ಲ ಮಾರಾಯ. ಲಾರಿಗೆ ಸ್ಪೀಡ್ ಗವರ್ನರ್ 80ಕ್ಕೆ ಕಟ್ಟಿರುತ್ತಾರೆ, ಅದರ ಮೇಲೆ ಹೋಗುವ ಮಾತೇ ಇಲ್ಲ. ಟೈಮಿಗೆ ತಲುಪಬೇಕು ಅಂದರೆ ಬೇಗ ಹೊರಡಬೇಕು. ಸಡನ್ ಬ್ರೇಕ್ ಹೊಡೆಯುವವನನ್ನು, ಹಂಪ್ ಹಾರಿಸುವವನನ್ನು ಯಾವ ಟೀಮೂ ಎರಡನೇ ಸಲ ಕರೆಯಲ್ಲ. ಹಿಂದೆ ನಿಂತಿರುವುದು ಒಬ್ಬರ ವರ್ಷದ ದುಡಿಮೆ.

ಬೇಲೂರು ವರ್ಕ್‌ಶಾಪ್

ನಾನು ರ್‍ಯಾಲಿ ಕಾರುಗಳ ಮೆಕ್ಯಾನಿಕ್. ಕಾರು ಕಟ್ಟುವ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ಕಾರಿಗೆ ಪೆಟ್ಟಾದರೆ ರಾತ್ರಿ ಇಡೀ ಕೂರುವವರು ನಾವೇ.

ಕಾರಿನ ಬಾಡಿಯನ್ನೋ ಬಂಪರನ್ನೋ ಕಟ್ಟಿ ಬಿಗಿಯಬಾರದು. ಬೆಲ್ಟ್ ಚಕ್ರದ ಮೇಲೆ ಬರಬೇಕು. ಆಗ ಚಕ್ರ ಅಲ್ಲಾಡಲ್ಲ, ಕಾರು ತನ್ನ ಸಸ್ಪೆನ್ಷನ್ ಮೇಲೆ ತಾನು ಆಡಿಕೊಂಡಿರುತ್ತದೆ. ಬಾಡಿ ಎಳೆದು ಬಿಗಿದರೆ ರಸ್ತೆಯ ಪ್ರತಿ ಗುಂಡಿಗೂ ಬೆಲ್ಟ್ ಒಮ್ಮೆ ಸಡಿಲ, ಒಮ್ಮೆ ಬಿಗಿ. ಕೊನೆಗೆ ಕೊಕ್ಕೆ ಕಳಚಿಕೊಳ್ಳುತ್ತದೆ. ನಾಲ್ಕು ಚಕ್ರಕ್ಕೂ ಬೇರೆ ಬೇರೆ ಬೆಲ್ಟ್, ಹಿಂದೆ ಮುಂದೆ ಅಡ್ಡಗಟ್ಟೆ. ಬ್ಯಾಟರಿ ಕಟ್‌ಆಫ್ ಸ್ವಿಚ್ ಆಫ್. ಬ್ರೇಕ್ ಬಿಸಿ ಇದ್ದಾಗ ಹ್ಯಾಂಡ್‌ಬ್ರೇಕ್ ಎಳೆದು ಬಿಡಬಾರದು, ಗೇರ್‌ನಲ್ಲಿ ಬಿಡಿ.

ಇನ್ನು ಹೊಸಬರಿಗೆ ಯಾರೂ ಹೇಳದ ಒಂದು ಮಾತು. ರ್‍ಯಾಲಿ ಮುಗಿದ ಸಂಜೆ ಕಾರು ಲಾರಿಗೆ ಹತ್ತುವಾಗ ಟೈರ್ ತುಂಬಾ ಕೆಮ್ಮಣ್ಣು ಮೆತ್ತಿರುತ್ತದೆ. ಎಲ್ಲರಿಗೂ ಸುಸ್ತು, ಎಲ್ಲರಿಗೂ ಮನೆ ಕಡೆ ಗಮನ. ಹಾಗೇ ಹಸಿ ಮಣ್ಣಿನ ಮೇಲೆ ಬೆಲ್ಟ್ ಬಿಗಿಯುತ್ತಾರೆ. ಹಾಸನ ದಾಟುವಷ್ಟರಲ್ಲಿ ಆ ಮಣ್ಣು ಒಣಗಿ ಉದುರುತ್ತದೆ. ಉದುರಿದಷ್ಟೂ ಬೆಲ್ಟ್ ಸಡಿಲ! ಅದಕ್ಕೆ ನಮ್ಮ ಲಾರಿಯ ಅಣ್ಣ ಒಂದು ಬಕೆಟ್ ನೀರು, ಒಂದು ತೆಂಗಿನ ನಾರಿನ ಬ್ರಷ್ ಇಟ್ಟುಕೊಂಡಿರುತ್ತಾರೆ. ಬೆಲ್ಟ್ ಕೂರುವ ಜಾಗ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಆಮೇಲೆ ರ್‍ಯಾಚೆಟ್ ತಿರುಗಿಸುತ್ತಾರೆ. ಹೊರಟು 20-30 ಕಿಲೋಮೀಟರ್‌ಗೆ ಲಾರಿ ನಿಲ್ಲಿಸಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಒಳಗೆ ಹತ್ತಿ ನಾಲ್ಕೂ ಬೆಲ್ಟನ್ನು ಕೈಯಲ್ಲಿ ಎಳೆದು ನೋಡುತ್ತಾರೆ. ಅಂಥವರ ಲಾರಿಯಲ್ಲಿ ಕಾರು ಕಳಿಸಿದರೆ ನಾವು ಬಸ್ಸಿನಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಬಹುದು. ಅವರ ಮೇಲೆ ನನಗೆ ತುಂಬಾ ಗೌರವ.

ಅರಸೀಕೆರೆ ಕಂಟೇನರ್

ಎಲ್ಲರೂ ಕೆಲಸದ ಚೆಂದ ಹೇಳುತ್ತಿದ್ದೀರಿ. ಸಂತೋಷ. ದುಡ್ಡಿನ ವಿಷಯವೂ ಯಾರಾದರೂ ಹೇಳಬೇಕು.

ಒಂದು ಟೀಮ್‌ಗೆ ಚೆನ್ನೈಗೆ ಲೋಡ್ ತಗೊಂಡು ಹೋಗಿದ್ದೆ. ಶ್ರೀಪೆರಂಬದೂರಿನ ಹತ್ತಿರ ಇರುಂಗಾಟುಕೋಟೈ ಟ್ರ್ಯಾಕ್. ಹೋಗಲು ಬರಲು ದುಡ್ಡು ಮಾತಾಡಿದ್ದರು. ರೇಸ್ ನಡೆಯುವಷ್ಟು ದಿನ ಅಲ್ಲೇ ಕಾಯಬೇಕಲ್ಲ, ಆ ದಿನಗಳಿಗೆ ಬಾಟಾ (ದಿನದ ಭತ್ಯೆ) ಕೇಳಿದರೆ "ಸುಮ್ನೆ ನಿಂತಿದ್ದಕ್ಕೂ ದುಡ್ಡಾ?" ಅಂದರು. ನಾನು ಸುಮ್ನೆ ನಿಂತಿರಲಿಲ್ಲ. ಟೈರ್ ಹೊತ್ತಿದ್ದೆ, ಟೆಂಟ್ ಕಟ್ಟಿದ್ದೆ, ರಾತ್ರಿ ಲಾರಿ ಕಾದಿದ್ದೆ. ಬಾಕಿ ದುಡ್ಡು ಬರಲು ತಿಂಗಳುಗಟ್ಟಲೆ ಹಿಡಿಯಿತು. ಟೀಮ್ ಹೆಸರು ಹೇಳಲ್ಲ.

ತಮ್ಮ, ಹೊರಡುವ ಮೊದಲೇ ವಾಟ್ಸಾಪ್‌ನಲ್ಲಿ ಬರೆಸಿಕೋ. ಓಡಿಸುವ ದಿನಕ್ಕೆ ಎಷ್ಟು, ಕಾಯುವ ದಿನಕ್ಕೆ ಎಷ್ಟು, ಊಟ ಯಾರದ್ದು, ಮಲಗಲು ರೂಮ್ ಇದೆಯಾ ಕ್ಯಾಬಿನ್ನಾ, ಪಂಕ್ಚರ್ ಆದರೆ ಯಾರ ಖರ್ಚು. ಇನ್ನೊಂದು ಮಾತು. ರ್‍ಯಾಲಿ, ಸರ್ಕ್ಯೂಟ್ ರೇಸ್, ಬೈಕ್ ರೇಸ್ ಎಲ್ಲ ಸೇರಿಸಿದರೂ ವರ್ಷ ಪೂರ್ತಿ ಕೆಲಸ ಸಿಗಲ್ಲ. ಕಾಫಿ ಲೋಡ್ ಕೈಬಿಡಬೇಡ.

ಘಾಟಿ ಸಕಲೇಶಪುರ

ಅರಸೀಕೆರೆ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಒಳ್ಳೆಯ ಟೀಮ್‌ಗಳೂ ಇವೆ, ಅವರು ಕೇಳುವ ಮೊದಲೇ ಕೊಡುತ್ತಾರೆ. ಆದರೂ ಬರೆಸಿಕೊಳ್ಳುವುದೇ ವಾಸಿ. ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಬಂದ್ ಆಗಿ ಸುತ್ತು ಹೊಡೆಯಬೇಕಾಗಿ ಬಂದರೆ ಡೀಸೆಲ್ ಯಾರದ್ದು ಅನ್ನೋದನ್ನೂ ಸೇರಿಸು.

ಬಾಳ್ಳುಪೇಟೆ ಮನೆ

ನಮ್ಮ ಮನೆಯವರೂ ಇದೇ ಕೆಲಸದಲ್ಲಿದ್ದಾರೆ. ಒಂದು ಮಾತು ಕೇಳಬೇಕು ಅನಿಸಿತು. ಭಾನುವಾರ ಸಂಜೆ ಬಹುಮಾನ ಕೊಟ್ಟು ಮುಗಿಯುತ್ತದೆ. ಬೆಳಗಿನ ಜಾವದಿಂದ ಇವರು ಎದ್ದೇ ಇರುತ್ತಾರೆ, ಸಾಮಾನು ಹೊತ್ತಿರುತ್ತಾರೆ. ಲೋಡ್ ಆಗುವಾಗ ರಾತ್ರಿ ಹತ್ತು. "ಬೆಳಿಗ್ಗೆ ಗಾಡಿ ಬೆಂಗಳೂರಿನಲ್ಲಿ ಇರಲಿ" ಅಂತ ಫೋನ್ ಬರುತ್ತದೆ. ಕಾರಿನ ಡ್ರೈವರ್‌ಗೆ ಹೆಲ್ಮೆಟ್, ರೋಲ್ ಕೇಜ್, ಡಾಕ್ಟರ್, ಆಂಬುಲೆನ್ಸ್ ಎಲ್ಲ ಇದೆ. ಲಾರಿ ಡ್ರೈವರ್‌ಗೆ ನಿದ್ದೆನೂ ಇಲ್ಲವಾ? ಚಿಕ್ಕಮಗಳೂರಿನಿಂದ ಬೆಂಗಳೂರಿಗೆ ಸುಮಾರು 245 ಕಿಲೋಮೀಟರ್. ಇವರು ಫೋನ್ ಮಾಡುವವರೆಗೆ ನನಗೂ ನಿದ್ದೆ ಬರಲ್ಲ.

ಅರಕಲಗೂಡಿನವನು

ಅಕ್ಕ ಕೇಳಿದ್ದು ಇಡೀ ಚರ್ಚೆಯಲ್ಲೇ ಮುಖ್ಯವಾದ ಪ್ರಶ್ನೆ. ಯುರೋಪ್ ವಿಷಯ ಹೇಳುತ್ತೇನೆ ಅಂದಿದ್ದೆ, ಅಲ್ಲಿಂದಲೇ ಶುರು ಮಾಡುತ್ತೇನೆ.

ಇಲ್ಲಿ ಲಾರಿಯಲ್ಲಿ ಟ್ಯಾಕೋಗ್ರಾಫ್ ಅಂತ ಒಂದು ಯಂತ್ರ ಇರುತ್ತದೆ. ಡ್ರೈವರ್ ತನ್ನ ಕಾರ್ಡ್ ಹಾಕಿಯೇ ಹೊರಡಬೇಕು. ಎಷ್ಟು ಹೊತ್ತು ಓಡಿಸಿದ, ಎಷ್ಟು ಹೊತ್ತು ನಿಂತ ಎಲ್ಲ ದಾಖಲಾಗುತ್ತದೆ. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು ಕಡ್ಡಾಯ. ದಿನಕ್ಕೆ 9 ಗಂಟೆ, ವಾರದಲ್ಲಿ ಎರಡು ದಿನ ಮಾತ್ರ 10 ಗಂಟೆ. ವಾರಕ್ಕೆ 56 ಗಂಟೆ ಮೀರಬಾರದು, ಎರಡು ವಾರಕ್ಕೆ 90. ಫಾರ್ಮುಲಾ ಒನ್ ಟೀಮ್ ಆದರೂ ವಿನಾಯಿತಿ ಇಲ್ಲ. ಸತತ ವಾರಗಳಲ್ಲಿ ರೇಸ್ ಬಂದಾಗ ಒಂದೇ ಲಾರಿಗೆ ಇಬ್ಬರು ಮೂವರು ಡ್ರೈವರ್ ಹಾಕುತ್ತಾರೆ. 2018ರಲ್ಲಿ ಫ್ರಾನ್ಸ್, ಆಸ್ಟ್ರಿಯಾ, ಬ್ರಿಟನ್ ಅಂತ ಮೊದಲ ಸಲ ಮೂರು ವಾರ ಒಂದರ ಹಿಂದೆ ಒಂದು ರೇಸ್ ಇಟ್ಟಾಗ ಸಾಗಣೆಯವರಿಗೆ ಸಾಕುಬೇಕಾಗಿತ್ತು.

ಭಾರತದಲ್ಲೂ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ 1961ರ ಮೋಟಾರ್ ಸಾರಿಗೆ ಕೆಲಸಗಾರರ ಕಾಯ್ದೆಯಲ್ಲೇ ಬರೆದಿದ್ದರು. ಬರೆದಿದ್ದನ್ನು ಅಳೆಯುವ ಯಂತ್ರ ನಮ್ಮ ಲಾರಿಗಳಲ್ಲಿ ಬರಲಿಲ್ಲ. ನನಗೆ ಇದರ ಬಗ್ಗೆ ಸಿಟ್ಟಿದೆ.

ಈಗ ಏಜೆಂಟ್ ವಿಷಯ. 2025ರಲ್ಲಿ ಫಾರ್ಮುಲಾ ಒನ್‌ನಲ್ಲಿ 24 ರೇಸ್ ನಡೆದವು. ದೂರದ ದೇಶಗಳಿಗೆ ಸಾಮಾನು ವಿಮಾನದಲ್ಲಿ, ಹಡಗಿನಲ್ಲಿ ಹೋಗುತ್ತದೆ. ಲಾರಿ ಓಡುವುದು ಯುರೋಪಿನ ರೇಸ್‌ಗಳಿಗೆ. ಹೆಚ್ಚಿನ ಟೀಮ್‌ಗಳು ಇಂಗ್ಲೆಂಡಿನಲ್ಲಿವೆ, ಫೆರಾರಿ ಇಟಲಿಯ ಮರನೆಲ್ಲೋದಲ್ಲಿ. ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟ ಮೇಲೆ, 2021ರಿಂದ ಲಾರಿಯಲ್ಲಿರುವ ಒಂದೊಂದು ಸಾಮಾನಿನ ಪಟ್ಟಿ ಇರುವ ಕಾರ್ನೆ ಕಾಗದ ಗಡಿಯಲ್ಲಿ ತೋರಿಸಬೇಕು. ಇಂಥ ಕೆಲಸಕ್ಕೆ ಇಲ್ಲಿನ ಟ್ರೇಲರ್ ಲೈಸೆನ್ಸ್ ಬೇಕು. ಅದರ ಮೇಲೆ ವೃತ್ತಿ ಅರ್ಹತೆಯ ಕಾರ್ಡ್ ಬೇಕು. ಐದು ವರ್ಷಕ್ಕೊಮ್ಮೆ 35 ಗಂಟೆ ತರಬೇತಿ ಮುಗಿಸಿದರೆ ಮಾತ್ರ ಆ ಕಾರ್ಡ್ ಉಳಿಯುತ್ತದೆ. ಭಾರತದ ಹೆವಿ ಲೈಸೆನ್ಸನ್ನು ಬ್ರಿಟನ್‌ನಲ್ಲಿ ಹಾಗೇ ಬದಲಿಸಿ ಕೊಡುವುದಿಲ್ಲ, ಇಲ್ಲಿ ಮತ್ತೆ ಪರೀಕ್ಷೆ ಪಾಸ್ ಮಾಡಬೇಕು. ಇಂಟರ್‌ನ್ಯಾಷನಲ್ ಪರ್ಮಿಟ್ ಇಟ್ಟುಕೊಂಡು ಲಾರಿ ಕೆಲಸ ಮಾಡಲು ಆಗುವುದಿಲ್ಲ. ಹಾಗಾಗಿ "ಇಲ್ಲಿನ ಲೈಸೆನ್ಸ್ ಮೇಲೆಯೇ" ಅಂದಿದ್ದು ಶುದ್ಧ ಸುಳ್ಳು.

ಎರಡನೆಯದು, ವಿದೇಶದ ಕೆಲಸಕ್ಕೆ ಕಳಿಸುವ ಏಜೆಂಟ್ 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಕೇಂದ್ರ ಸರ್ಕಾರದ ಇಮೈಗ್ರೇಟ್ ಪೋರ್ಟಲ್‌ನಲ್ಲಿ ಹೆಸರು ಹಾಕಿ ನೋಡು. ನೋಂದಣಿ ಇದ್ದರೂ ಅವನು ತಗೊಳ್ಳಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. 4 ಲಕ್ಷ ಕೇಳುವವನ ಹತ್ತಿರ ಎರಡನೇ ಸಲ ಮಾತಾಡಲೂ ಹೋಗಬೇಡ.

ಮಲ್ಲಂದೂರು ರೋಡ್

ತುಂಬಾ ಥ್ಯಾಂಕ್ಸ್ ಅಣ್ಣ. ಅಮ್ಮನಿಗೆ ಓದಿ ಹೇಳಿದೆ. ಪೋರ್ಟಲ್‌ನಲ್ಲಿ ಅವನ ಹೆಸರೇ ಇಲ್ಲ. ಆ ಮಾತು ಇವತ್ತಿಗೆ ಮುಗಿಯಿತು.

ಇಲ್ಲೇ ಶುರು ಮಾಡುತ್ತೇನೆ. ಆದರೆ ಯಾರನ್ನು ಕೇಳಬೇಕು? ಟೀಮ್‌ನವರು ನಮ್ಮಂಥವರ ಜೊತೆ ಮಾತಾಡುತ್ತಾರಾ? ನಾನು ಈಗ ಓಡಿಸುತ್ತಿರುವುದು ಚಿಕ್ಕ ಐಷರ್, ದೊಡ್ಡ ಕಂಟೇನರ್ ಅಷ್ಟಾಗಿ ಅಭ್ಯಾಸ ಇಲ್ಲ.

ಬೇಲೂರು ವರ್ಕ್‌ಶಾಪ್

ಮಾತಾಡುತ್ತಾರೆ. ಆದರೆ ಕಾರು ಸರ್ವಿಸ್‌ನಲ್ಲಿ ಇರುವಾಗ ಹತ್ತಿರ ಹೋಗಬೇಡಿ, ಆಗ ಯಾರಿಗೂ ಉಸಿರಾಡಲೂ ಪುರುಸೊತ್ತಿಲ್ಲ. ರ್‍ಯಾಲಿ ಶುರುವಾಗುವ ಎರಡು ದಿನ ಮೊದಲು, ಸ್ಕ್ರೂಟಿನಿ (ಕಾರುಗಳ ತಪಾಸಣೆ) ನಡೆಯುವ ಹೊತ್ತಿಗೆ ಬನ್ನಿ. ಟೀಮ್ ಮ್ಯಾನೇಜರ್‌ನನ್ನು ಹುಡುಕುವ ಬದಲು ಲಾರಿ ಡ್ರೈವರ್‌ನನ್ನೇ ಹುಡುಕಿ. ಟೆಂಟ್ ಎತ್ತಲು ಒಂದು ಕೈ ಕೊಡಿ. ಟೀಮ್‌ನವರಿಗೆ ಊರು ಗೊತ್ತಿರುವ ಮನುಷ್ಯ ಯಾವಾಗಲೂ ಬೇಕು. ವೆಲ್ಡಿಂಗ್ ಯಾರು ಮಾಡುತ್ತಾರೆ, ರಾತ್ರಿ ಟೈರ್ ಅಂಗಡಿ ಎಲ್ಲಿ ತೆಗೆದಿರುತ್ತದೆ, ದೊಡ್ಡ ಗಾಡಿ ಯಾವ ರಸ್ತೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಇದೆಲ್ಲ ನಿಮಗೆ ಗೊತ್ತು. ಹಾಗೆ ಸೇರಿಕೊಂಡವರು ನಮ್ಮ ಟೀಮ್‌ನಲ್ಲೇ ಇದ್ದಾರೆ.

ಘಾಟಿ ಸಕಲೇಶಪುರ

ಚಿಕ್ಕ ಗಾಡಿ ಅಂತ ಬೇಜಾರು ಬೇಡ. ಸಣ್ಣ ಟೀಮ್‌ಗಳು ಟಾಟಾ 407, ಐಷರ್‌ನಲ್ಲೇ ಬರುತ್ತವೆ. ಲೈಟ್ ಲೈಸೆನ್ಸ್ ಇದ್ದವರೂ ಒಟ್ಟು ತೂಕ 7,500 ಕೆಜಿ ಒಳಗಿನ ಸಾಗಣೆ ಗಾಡಿ ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ನಿನ್ನ ಹತ್ತಿರ ಹೆವಿನೇ ಇದೆ, ಇನ್ನೇನು ಬೇಕು?

ದೊಡ್ಡ ಗಾಡಿಗೆ ರಿವರ್ಸ್ ಅಭ್ಯಾಸ ಮಾಡು. ಸರ್ವಿಸ್ ಪಾರ್ಕ್‌ನಲ್ಲಿ ಎರಡು ಟೆಂಟ್ ನಡುವೆ, ಜನ ಓಡಾಡುವಾಗ, ಒಂದೇ ಸಲಕ್ಕೆ ಹಿಂದಕ್ಕೆ ಹಾಕುವವನನ್ನು ಟೀಮ್‌ನವರು ನೆನಪಿಟ್ಟುಕೊಳ್ಳುತ್ತಾರೆ. ಕ್ಲೀನರ್ ಇಲ್ಲದಿದ್ದರೆ ಇಳಿದು ನೋಡು. ಎಷ್ಟು ಸಲ ಬೇಕಾದರೂ ಇಳಿ, ನಾಚಿಕೆ ಇಲ್ಲ.

ರೂಟ್ ಕೂಡ ಕಲಿ. ಕೊಯಮತ್ತೂರಿನ ಕರಿ ಸ್ಪೀಡ್‌ವೇ ರೇಸ್ ಟ್ರ್ಯಾಕ್‌ಗೆ ಲೋಡ್ ಬಂತು ಅಂದುಕೋ. ಹಾಸನ, ಮೈಸೂರು, ಚಾಮರಾಜನಗರ, ಆಮೇಲೆ ದಿಂಬಂ ಘಾಟಿ. 27 ಹೇರ್‌ಪಿನ್ ತಿರುವು. ಭಾರಿ ಲಾರಿಗಳನ್ನು ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಿಡುವುದಿಲ್ಲ. ಮಧ್ಯಾಹ್ನ ಊಟ ಮುಗಿಸಿ ನಿಧಾನಕ್ಕೆ ಹಾಸನ ಬಿಟ್ಟರೆ ರಾತ್ರಿ ಚೆಕ್‌ಪೋಸ್ಟ್‌ನಲ್ಲೇ. ಬೆಳಗಿನ ಜಾವ ಬಿಡಬೇಕು. ಇಳಿಜಾರಿನಲ್ಲಿ ಎರಡನೇ ಗೇರ್, ಎಕ್ಸಾಸ್ಟ್ ಬ್ರೇಕ್. ಬರೀ ಕಾಲಿನ ಬ್ರೇಕ್ ನಂಬಿದರೆ ಬನ್ನಾರಿ ತಲುಪುವಷ್ಟರಲ್ಲಿ ಲೈನರ್ ವಾಸನೆ ಮೂಗಿಗೆ ಹೊಡೆಯುತ್ತದೆ. ಮಂಗಳೂರು ಕಡೆ ಹೋಗಬೇಕಾದರೆ ಚಾರ್ಮಾಡಿ ಹತ್ತಿರ ಅಂತ ಕಂಟೇನರ್ ತಿರುಗಿಸಬೇಡ, ಅಲ್ಲಿ ಭಾರಿ ವಾಹನಕ್ಕೆ ನಿರ್ಬಂಧ ಇದೆ.

ಬಾಳ್ಳುಪೇಟೆ ತಂಗಿಗೆ ಒಂದು ಮಾತು. ಈಗ ನಾನು ಭಾನುವಾರ ರಾತ್ರಿ ಹೊರಡುವುದಿಲ್ಲ. ಒಪ್ಪಿಕೊಳ್ಳುವಾಗಲೇ ಹೇಳುತ್ತೇನೆ. ಹೊರಡಲೇಬೇಕು ಅಂದರೆ ಎರಡನೇ ಡ್ರೈವರ್ ಬೇಕು, ಅವನು ಮಧ್ಯಾಹ್ನದಿಂದ ಮಲಗಿರಬೇಕು. ಒಂದಿಬ್ಬರು ಬೇರೆಯವರನ್ನು ಹುಡುಕಿಕೊಂಡರು. ಉಳಿದವರು ಒಪ್ಪಿದರು. ನಿಮ್ಮ ಯಜಮಾನರಿಗೆ ನನ್ನ ಮಾತು ತಲುಪಿಸಿ. ನಾವೆಲ್ಲ ಹೀಗೇ ಹೇಳಿದರೆ ಟೀಮ್‌ನವರು ಸೋಮವಾರ ಬೆಳಿಗ್ಗೆಯ ಲೆಕ್ಕ ಬಿಟ್ಟು ಸೋಮವಾರ ಸಂಜೆಯ ಲೆಕ್ಕ ಹಾಕುತ್ತಾರೆ. ಕಾರಿಗೆ ಮುಂದಿನ ರೇಸ್ ಇರುವುದು ವಾರಗಳ ಮೇಲೆ, ಏನೂ ಮುಳುಗಿ ಹೋಗಲ್ಲ.

ಬಾಳ್ಳುಪೇಟೆ ಮನೆ

ಇವತ್ತೇ ತೋರಿಸುತ್ತೇನೆ ಅಣ್ಣ.

ಮಲ್ಲಂದೂರು ರೋಡ್

ಮುಂದಿನ ರ್‍ಯಾಲಿಗೆ ಬೇಲೂರು ವರ್ಕ್‌ಶಾಪ್ ಅಣ್ಣ ಹೇಳಿದ ಹಾಗೆ ಎರಡು ದಿನ ಮೊದಲೇ ಹೋಗುತ್ತೇನೆ. ಒಂದು ಸಣ್ಣ ಟೀಮ್‌ನವರು ಕೊಯಮತ್ತೂರಿಗೆ ನಮ್ಮ ಐಷರ್‌ನಲ್ಲೇ ಕಾರು ಕಳಿಸುವ ಯೋಚನೆ ಇದೆ ಅಂತ ನಮ್ಮ ಓನರ್ ಹೇಳುತ್ತಿದ್ದರು. ಪೇಪರ್ ಏನೇನು ಬೇಕು? ಕಾಫಿ ಲೋಡ್‌ಗೆ ಎಲ್ಲ ಕ್ಯೂರಿಂಗ್‌ನವರೇ ಮಾಡಿಕೊಡುತ್ತಾರೆ.

ಹಾಸನ ಬುಕಿಂಗ್ ಆಫೀಸ್

ಇದು ನನ್ನ ಕೆಲಸ, ನಾನು ಹೇಳುತ್ತೇನೆ. ಕಾರು ಮಾರಾಟಕ್ಕೆ ಹೋಗುತ್ತಿಲ್ಲ, ಹಾಗಾಗಿ ಬಿಲ್ ಇರಲ್ಲ. ಟೀಮ್‌ನವರಿಂದ ಡೆಲಿವರಿ ಚಲನ್ ಬರೆಸಿಕೊಳ್ಳಿ. ರೇಸ್‌ಗೆ ಹೋಗಿ ವಾಪಸ್ ಬರುವ ಸಾಮಾನು ಅಂತ ಅದರಲ್ಲಿ ಸ್ಪಷ್ಟವಾಗಿ ಇರಲಿ. ಸಾಮಾನಿನ ಬೆಲೆ 50,000 ದಾಟುತ್ತದೆ, ರಾಜ್ಯದ ಗಡಿಯೂ ದಾಟುತ್ತೀರಿ, ಹಾಗಾಗಿ ಇ-ವೇ ಬಿಲ್ ಮಾಡಿಸಿ. ಪ್ರತಿ 200 ಕಿಲೋಮೀಟರ್‌ಗೆ ಒಂದು ದಿನದ ಅವಧಿ ಕೊಡುತ್ತದೆ. ದಾರಿಯಲ್ಲಿ ತಡವಾದರೆ ಅವಧಿ ಮುಗಿಯುವ ಮೊದಲು ಟೀಮ್‌ನವರಿಗೆ ಫೋನ್ ಮಾಡಿ ವಿಸ್ತರಿಸಲು ಹೇಳಿ. ವಾಪಸ್ ಬರುವಾಗ ಹೊಸದು ಬೇಕು, ಹಳೆಯದು ನಡೆಯಲ್ಲ.

ಇನ್ಶೂರೆನ್ಸ್ ವಿಷಯ ಎಲ್ಲರೂ ಮರೆಯುತ್ತಾರೆ. ನಿಮ್ಮ ಲಾರಿಯ ಥರ್ಡ್ ಪಾರ್ಟಿ ಪಾಲಿಸಿ ಒಳಗಿರುವ ಕಾರಿಗೆ ಏನೂ ಕೊಡಲ್ಲ. ಸಾಗಣೆಯಲ್ಲಿರುವ ಸಾಮಾನಿಗೆ ಬೇರೆ ಪಾಲಿಸಿ ಇದೆ, ಅದನ್ನು ಟೀಮ್‌ನವರೇ ಮಾಡಿಸಬೇಕು. ಕಾಪಿ ಕೈಗೆ ಬರದೆ ಕಾರು ಹತ್ತಿಸಬೇಡಿ. ಹತ್ತಿಸುವ ಮೊದಲು ಕಾರಿನ ನಾಲ್ಕೂ ಕಡೆಯ ಫೋಟೋ ತೆಗೆದು ಟೀಮ್‌ನವರ ವಾಟ್ಸಾಪ್‌ಗೆ ಹಾಕಿ. ರ್‍ಯಾಲಿ ಕಾರಿಗೆ ಗೀರು ಮೊದಲೇ ಇರುತ್ತದೆ, ಆಮೇಲೆ ನಿಮ್ಮ ತಲೆಗೆ ಬರುವುದು ಬೇಡ.

ಜೆರ್ರಿ ಕ್ಯಾನ್‌ನಲ್ಲಿ ಪೆಟ್ರೋಲ್ ಉಳಿದಿದ್ದರೆ ಖಾಲಿ ಮಾಡಿಸಿ. ನ್ಯಾಷನಲ್ ಪರ್ಮಿಟ್, ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್), ಹೊಗೆ ಸರ್ಟಿಫಿಕೇಟ್ ದಿನಾಂಕ ಮೂರನ್ನೂ ಇವತ್ತೇ ನೋಡಿ. ಲೈಸೆನ್ಸ್ ಸಾಗಣೆ ವಾಹನಕ್ಕೆ ಐದು ವರ್ಷದ್ದು, ಅದೂ ಚೆಕ್ ಮಾಡಿ. ಚಲನ್ ಬರೆಯುವುದು ಗೊತ್ತಾಗದಿದ್ದರೆ ಟೀಮ್‌ನವರಿಗೆ ನನಗೆ ಇಲ್ಲೇ ಮೆಸೇಜ್ ಹಾಕಲು ಹೇಳಿ, ಮಾದರಿ ಕಳಿಸುತ್ತೇನೆ.